ಹೆಸರು ಅಣಬೆಯದು, ಕೇಡು ಬ್ಯಾಕ್ಟೀರಿಯಾದ್ದು

1885ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಉಪನ್ಯಾಸ ನೀಡಿದ ವೈದ್ಯ ವಿಲಿಯಂ ಆಸ್ಲರ್, ಸೋಂಕಿನಿಂದ ಸತ್ತ ರೋಗಿಯೊಬ್ಬನ ಮಹಾಪಧಮನಿಯನ್ನು ವರ್ಣಿಸಿದರು. ಹೃದಯದಿಂದ ಹೊರಟ ನಾಳ ಕಮಾನಿನಂತೆ ಬಾಗುವಲ್ಲಿ ಗೋಡೆ ಹಲವೆಡೆ ಉಬ್ಬಿತ್ತು. ಒಳಗಿನ ಗಂಟುಗಳು ಹಸಿ ಅಣಬೆಗಳಂತೆ ಕಂಡಿದ್ದವು. ಆ ಹೋಲಿಕೆಯಿಂದಲೇ ‘ಮೈಕೋಟಿಕ್ ಅನ್ಯೂರಿಸಂ’ (ಶಿಲೀಂಧ್ರದ ನಾಳ-ಉಬ್ಬು) ಎಂಬ ಹೆಸರು ಬಂತು. ಬಹುಪಾಲು ಪ್ರಕರಣಗಳಿಗೆ ಕಾರಣ ಶಿಲೀಂಧ್ರವಲ್ಲ, ಬ್ಯಾಕ್ಟೀರಿಯಾ ಎಂದು ತಿಳಿದು ಎಷ್ಟೋ ಕಾಲವಾಗಿದ್ದರೂ ತಪ್ಪು ಹೆಸರು ಮಾತ್ರ ಉಳಿದುಕೊಂಡಿದೆ.

ಆಗ ಸೋಂಕು ಹೆಚ್ಚಾಗಿ ಕೆಟ್ಟ ಹೃದಯ ಕವಾಟದಿಂದ ಸಿಡಿದು ಬರುತ್ತಿತ್ತು. ಪೆನಿಸಿಲಿನ್ ಬಂದ ಮೇಲೆ ಅದು ಕಡಿಮೆಯಾಯಿತು. ಇಂದಿನ ರೋಗಿ ಸಾಮಾನ್ಯವಾಗಿ ವಯಸ್ಸಾದವರು; ಕೊಬ್ಬು, ಸುಣ್ಣ ಕಟ್ಟಿ ಒರಟಾದ ಅವರ ನಾಳದ ಒಳಗೋಡೆಗೆ, ರಕ್ತದಲ್ಲಿ ಹರಿದು ಬಂದ ಸಾಲ್ಮೊನೆಲ್ಲಾ ಅಥವಾ ಸ್ಟಫೈಲೊಕಾಕಸ್ ಬ್ಯಾಕ್ಟೀರಿಯಾ ಅಂಟಿಕೊಂಡು ಗೋಡೆಯನ್ನೇ ಕೊಳೆಸುತ್ತದೆ. ಈಶಾನ್ಯ ಥಾಯ್ಲೆಂಡಿನಲ್ಲಿ ಮೆಲಿಯಾಯ್ಡೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ಕೂಡ ಮುಖ್ಯ ಕಾರಣ. ಗದ್ದೆಯ ಕೆಸರಿನಲ್ಲಿ ಬದುಕುವ ಆ ಬ್ಯಾಕ್ಟೀರಿಯಾ ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲೂ ಕಾಯಿಲೆ ತರುತ್ತದೆ; ಪ್ರಯೋಗಾಲಯದಲ್ಲಿ ಅದನ್ನು ಸ್ಯೂಡೊಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ ಎಂದು ತಪ್ಪಾಗಿ ಗುರುತಿಸುವುದುಂಟು. ಜ್ವರ, ಬೆನ್ನುನೋವು ಬಿಟ್ಟರೆ ಬೇರೆ ಸುಳಿವು ಸಿಗದಿರಬಹುದು.

ಚಿಕಿತ್ಸೆಯ ಇತಿಹಾಸವೆಲ್ಲ ಒಂದೇ ಇಕ್ಕಟ್ಟಿನ ಸುತ್ತ ಸುತ್ತುತ್ತದೆ: ಕೊಳೆತ ನಾಳವನ್ನು ಕತ್ತರಿಸಿ ತೆಗೆಯಬೇಕು, ಆದರೆ ಕೀವಿನ ನಡುವೆ ಕೃತಕ ನಳಿಕೆ ಹೊಲಿದರೆ ಅದಕ್ಕೂ ಸೋಂಕು ತಗಲುತ್ತದೆ. ಹಾಗಾಗಿ ಹಿಂದಿನ ಶಸ್ತ್ರವೈದ್ಯರು ಹೊಟ್ಟೆಯೊಳಗಿನ ನಾಳದ ತುದಿಗಳನ್ನು ಮುಚ್ಚಿ, ಕಂಕುಳಿನ ಅಪಧಮನಿಯಿಂದ ಚರ್ಮದಡಿಯಲ್ಲೇ ನಳಿಕೆ ಹಾಯಿಸಿ ಎರಡೂ ತೊಡೆಗಳಿಗೆ ರಕ್ತ ಕೊಟ್ಟರು. ಮುಚ್ಚಿದ ತುದಿ ಒಡೆಯುವ ಭಯ ಮಾತ್ರ ತಪ್ಪಲಿಲ್ಲ. ಆಮೇಲೆ ರೋಗಿಯದೇ ತೊಡೆಯ ಅಭಿಧಮನಿ, ದಾನಿಗಳ ಶೈತ್ಯೀಕರಿಸಿದ ನಾಳ, ರಿಫಾಂಪಿಸಿನ್ ಎಂಬ ಆ್ಯಂಟಿಬಯೋಟಿಕ್‌ನಲ್ಲಿ ಅದ್ದಿದಾಗ ಇಟ್ಟಿಗೆಗೆಂಪಿಗೆ ತಿರುಗುವ ಬಿಳಿಯ ಡೇಕ್ರಾನ್ (ಕೃತಕ ಬಟ್ಟೆ) ನಳಿಕೆ ಬಳಕೆಗೆ ಬಂದವು.

1990ರಲ್ಲಿ ಬ್ಯೂನಸ್ ಐರಿಸ್‌ನ ಶಸ್ತ್ರವೈದ್ಯ ಹುವಾನ್ ಪರೋಡಿ, ಹೊಟ್ಟೆ ಕೊಯ್ಯದೆ ತೊಡೆಸಂದಿಯ ಮೂಲಕವೇ ಉಬ್ಬಿದ ಮಹಾಪಧಮನಿಯೊಳಗೆ ಸ್ಟೆಂಟ್ ಹೊಂದಿದ ನಳಿಕೆ ಕೂರಿಸಿ ತೋರಿಸಿದರು. ಸೋಂಕಿರುವ ಉಬ್ಬಿಗೂ ಈ ವಿಧಾನ ಬಳಸಿದಾಗ ಹಳೆಯ ಪಾಠ ಕಲಿತವರು ಹುಬ್ಬೇರಿಸಿದ್ದು ಸಹಜ, ಏಕೆಂದರೆ ಇಲ್ಲಿ ಕೊಳೆತ ಗೋಡೆಯನ್ನು ತೆಗೆಯುವುದೇ ಇಲ್ಲ. ಆದರೂ ಯುರೋಪಿನ 16 ಆಸ್ಪತ್ರೆಗಳಲ್ಲಿ ಹೀಗೆ ಚಿಕಿತ್ಸೆ ಪಡೆದ 123 ರೋಗಿಗಳ ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೊದಲ ತಿಂಗಳು ದಾಟಿದವರು ಶೇ. 91, ಐದು ವರ್ಷದ ಹೊತ್ತಿಗೆ ಆ ಪ್ರಮಾಣ ಶೇ. 55ಕ್ಕೆ ಇಳಿದಿತ್ತು. ತುರ್ತಿಗೆ ಜೀವ ಉಳಿಸುವ ಉಪಾಯವಾಗಿ ಅದು ಒಳ್ಳೆಯದೇ, ಆದರೆ ಸೋಂಕಿನ ಬೇರು ಒಳಗೇ ಇರುತ್ತದೆ. ಆ್ಯಂಟಿಬಯೋಟಿಕ್ ಆರು ವಾರ ಸಾಕೇ, ಆರು ತಿಂಗಳು ಬೇಕೇ, ಜೀವಮಾನವಿಡೀ ನುಂಗಬೇಕೇ ಎಂಬುದರಲ್ಲಿ ವೈದ್ಯರಲ್ಲಿ ಇನ್ನೂ ಒಮ್ಮತ ಮೂಡಿಲ್ಲ.