ತ್ರೀ-ನಾಟ್-ತ್ರೀಯ ಟ್ರಿಗರ್: ಅರ ಹಿಡಿಯುವ ಮೊದಲು ಮರ ನೋಡಿ

ಕಾಸರಗೋಡಿನಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಶಸ್ತ್ರಾಗಾರದ ಹಳೆಯ ತ್ರೀ-ನಾಟ್-ತ್ರೀ ರೈಫಲುಗಳ ಬಗ್ಗೆ ಆರ್ಮರರ್ (ಬಂದೂಕು ದುರಸ್ತಿಗಾರ) ಆಗಿದ್ದ ನನ್ನ ಬಳಿಗೆ ಬರುತ್ತಿದ್ದ ದೂರು ಸಾಮಾನ್ಯವಾಗಿ ಒಂದೇ: ಟ್ರಿಗರಿನ ಎಳೆತ ಮೊದಲಿನಂತಿಲ್ಲ. ಹೊಸ ಕೆಲಸಗಾರರು ತಕ್ಷಣ ಸಿಯರಿಗೆ, ಅಂದರೆ ಗುಂಡು ಹಾರಿಸುವ ಪಿನ್ನನ್ನು ತಡೆದಿಟ್ಟು ಟ್ರಿಗರ್ ಎಳೆದಾಗ ಬಿಡುವ ಕೊಂಡಿಗೆ, ಅರ ಹಾಕಲು ಹೊರಡುತ್ತಾರೆ. ಈ ಭಾಗಗಳ ಮೇಲ್ಮೈ ಮಾತ್ರ ಗಡಸಾಗಿರುವುದರಿಂದ ಆ ತೆಳುವಾದ ಪದರ ಸವೆದರೆ ಒಳಗಿನ ಮೆದು ಕಬ್ಬಿಣ ಬೇಗನೆ ತೇಯುತ್ತದೆ, ಮತ್ತೆ ಆ ಸಿಯರನ್ನು ನಂಬುವಂತಿಲ್ಲ.

ಈ ತ್ರೀ-ನಾಟ್-ತ್ರೀಯಲ್ಲಿ, ಅಂದರೆ 1907ರಲ್ಲಿ ಬಂದ ಮಾರ್ಕ್ 3 ಲೀ-ಎನ್‌ಫೀಲ್ಡ್‌ನಲ್ಲಿ, ಸಿಯರ್ ರೈಫಲಿನ ಬಾಡಿಗೆ ತೂಗಿಕೊಂಡಿದ್ದರೆ, ಟ್ರಿಗರ್ ಮಾತ್ರ ಮರದ ಕೆಳಗಿನ ಟ್ರಿಗರ್ ಗಾರ್ಡಿಗೆ ಪಿನ್ನಿನಿಂದ ಸೇರಿರುತ್ತದೆ. ಇವೆರಡರ ನಡುವಿನ ಅಂತರವನ್ನು ನಿರ್ಧರಿಸುವುದು ಮುಂಭಾಗದ ಮರ. ಟ್ರಿಗರಿನ ಮೇಲ್ತುದಿಯಲ್ಲಿ ಎರಡು ಉಬ್ಬುಗಳಿವೆ. ಮೊದಲನೆಯದು ಸಿಯರನ್ನು ಒತ್ತುವಾಗ 3ರಿಂದ 4 ಪೌಂಡಿನ ಮೊದಲ ಎಳೆತ, ಎರಡನೆಯದು ತಾಗಿದಾಗ 5ರಿಂದ 6 ಪೌಂಡಿನ ಕೊನೆಯ ಎಳೆತ. ಮರ ಕುಗ್ಗಿ ಗಾರ್ಡ್ ಮೇಲೆ ಸರಿದರೆ ಮೊದಲ ಎಳೆತವೇ ಮಾಯವಾಗಬಹುದು. ಇನ್ನೂ ಹೆಚ್ಚಾದರೆ ಸಿಯರ್ ಪೂರ್ತಿ ಮೇಲೇಳದೆ ಕಾಕಿಂಗ್ ಪೀಸನ್ನು (ಗುಂಡು ಹಾರಿಸುವ ಪಿನ್ನಿನ ಹಿಂತುದಿಯ ಭಾಗ) ಅಂಚಿನಲ್ಲಷ್ಟೇ ಹಿಡಿದು ನಿಲ್ಲುತ್ತದೆ, ಅದು ಅಪಾಯ. ತೇವ ಕುಡಿದು ಮರ ಉಬ್ಬಿದರೆ ಗಾರ್ಡ್ ಕೆಳಗಿಳಿದು ಸಡಿಲ ಎಳೆತ ಉದ್ದವಾಗುತ್ತದೆ. ನಂತರದ ಲೀ-ಎನ್‌ಫೀಲ್ಡ್ ಆದ ನಂಬರ್ 4 ಮಾದರಿಯ ಮಾರ್ಕ್ 2ರಲ್ಲಿ, 1949ರಲ್ಲಿ, ಟ್ರಿಗರನ್ನೂ ಬಾಡಿಗೇ ತೂಗಿಸಿದ್ದು ಇದೇ ಕಾರಣಕ್ಕೆ. ಆದರೆ ನಮ್ಮ ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ತಯಾರಾದ 7.62 ಮಿ.ಮೀ.ನ 2ಎ ರೈಫಲು ಹಳೆಯ ವಿನ್ಯಾಸದಲ್ಲೇ ಉಳಿಯಿತು.

ಬಿಚ್ಚಿ ಜೋಡಿಸುವಾಗ ಮೊದಲು ಮ್ಯಾಗಜೀನ್ ತೆಗೆದು, ಗುಂಡು ಕೂರುವ ಚೇಂಬರ್ ಖಾಲಿಯಿದೆಯೆಂದು ಬೆರಳಿಟ್ಟು ಖಚಿತಪಡಿಸಿಕೊಳ್ಳಬೇಕು. ಸಿಯರ್ ಮತ್ತು ಮ್ಯಾಗಜೀನನ್ನು ಹಿಡಿದಿಡುವ ಕ್ಯಾಚ್‌ಗಳ ನಡುವೆ ‘ವಿ’ ಆಕಾರದ ಒಂದೇ ಸ್ಪ್ರಿಂಗ್ ಕೂರುತ್ತದೆ. ಒಂದು ಕಾಲು ಸಿಯರನ್ನು, ಇನ್ನೊಂದು ಕ್ಯಾಚನ್ನು ಒತ್ತುತ್ತದೆ. ಹೀಗಾಗಿ ಟ್ರಿಗರ್ ಸೋತಂತಿದ್ದು ಮ್ಯಾಗಜೀನ್ ಕೂಡ ಸಡಿಲವಾಗಿದ್ದರೆ ನನ್ನ ಮೊದಲ ಅನುಮಾನ ಸ್ಪ್ರಿಂಗಿನ ಮೇಲೆಯೇ. ಅದು ಹಾರದಂತೆ ಬಟ್ಟೆ ಮುಚ್ಚಿ ಕೂರಿಸುವುದು ಲೇಸು. ಮರ ಹಾಕುವ ಮುನ್ನ ಸಿಯರನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಅದು ಎಲ್ಲೂ ಸಿಕ್ಕಿಕೊಳ್ಳದೆ ಚಟ್ಟನೆ ಮರಳಬೇಕು.

ಬಳಿಕ ಬರುವುದು ಅತಿ ಸಣ್ಣದಾದ, ಆದರೆ ಅತಿ ಹೆಚ್ಚು ಕಳೆದುಹೋಗುವ ಭಾಗ: ಗಾರ್ಡಿನ ಮುಂದಿನ ಸ್ಕ್ರೂ ಹಾದುಹೋಗುವ ಲೋಹದ ಕಾಲರ್. ಬಿಚ್ಚುವಾಗ ಇದು ಸದ್ದಿಲ್ಲದೆ ಮರದಿಂದ ಜಾರಿ ಬೀಳುತ್ತದೆ. ಇದಿಲ್ಲದೆ ಸ್ಕ್ರೂ ಬಿಗಿದರೆ ಮರವೇ ನಜ್ಜಾಗುತ್ತಾ ಹೋಗಿ, ಸ್ಕ್ರೂವಿನ ಪ್ರತಿ ಸುತ್ತಿಗೂ ಟ್ರಿಗರಿನ ಎಳೆತ ಬದಲಾಗುತ್ತದೆ. ಕಾಲರ್ ಸ್ವಸ್ಥಾನದಲ್ಲಿದ್ದರೆ ಮುಂದಿನ ಸ್ಕ್ರೂ ಒಂದು ಹಂತದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ; ಆಮೇಲೆ ಹಿಂದಿನದು.

ಕೊನೆಗೆ ಖಾಲಿ ರೈಫಲಿನ ಬೋಲ್ಟನ್ನು ಹಲವು ಬಾರಿ ರಭಸದಿಂದ ಮುಚ್ಚಿ, ಹಿಡಿಯ ಬುಡವನ್ನು ರಬ್ಬರ್ ಹಾಸಿನ ಮೇಲೆ ಕುಟ್ಟಿ ನೋಡಬೇಕು. ಕಾಕಿಂಗ್ ಪೀಸ್ ಒಮ್ಮೆ ಜಾರಿದರೂ ಆ ರೈಫಲು ಮತ್ತೆ ಬೆಂಚಿಗೇ.