ದವಡೆ ಬೆಳೆಸುವ ಕನಸು, ರಕ್ತ ಹರಿಸುವ ಕಷ್ಟ

ದಾವಣಗೆರೆಯಲ್ಲಿ ಸಂಜೆಯಾದರೆ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಮುಂದೆ ಜನ ಸೇರುತ್ತಾರೆ. ಕ್ಯಾನ್ಸರ್‌ಗೆ ದವಡೆ ತೆಗೆಸಿಕೊಂಡವರಿಗೆ ಆ ಸುಖವಿಲ್ಲ. ಅಗಿಯೋಕಾಗಲ್ಲ, ಕುಡಿದ ನೀರೂ ತುಟಿಯಂಚಿನಿಂದ ಸೋರುತ್ತದೆ. ಎಷ್ಟೋ ಜನ ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡೇ ಓಡಾಡುತ್ತಾರೆ. ಗುಟ್ಕಾ, ತಂಬಾಕು ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತು. ಬರೀ ಅಡಿಕೆಯಿಂದಲೂ ಬಾಯಿ ಕ್ಯಾನ್ಸರ್ ಬರಬಹುದು ಅನ್ನೋದನ್ನು ಚನ್ನಗಿರಿಯ ಅಡಿಕೆ ನೋಡಿ ಬೆಳೆದ ನಮಗೆ ಒಪ್ಪೋದು ಕಷ್ಟ. ಆದರೆ ಅದು ನಿಜ.

ಕಳೆದುಹೋದ ಮುಖವನ್ನು ಮತ್ತೆ ಕಟ್ಟುವ ಕೆಲಸ ನಮ್ಮ ನೆಲದಲ್ಲಿ ಹಳೆಯದು. ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ, ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆ ಕಡೆಯ ಒಬ್ಬ ಕಸುಬುದಾರ ಅವನ ಹಣೆಯ ಚರ್ಮವನ್ನೇ ಕೆಳಗೆ ತಿರುಗಿಸಿ ಹೊಸ ಮೂಗು ಮಾಡಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದನ್ನು ಚಿತ್ರದ ಸಮೇತ ಅಚ್ಚು ಹಾಕಿತು. ಹಣೆಯ ಚರ್ಮವನ್ನು ಆತ ಪೂರ್ತಿ ಕತ್ತರಿಸಿರಲಿಲ್ಲ. ಹುಬ್ಬುಗಳ ನಡುವೆ ಒಂದು ಪಟ್ಟಿ ಬಿಟ್ಟಿದ್ದ, ಹೊಸ ಮೂಗಿಗೆ ರಕ್ತ ಆ ಪಟ್ಟಿಯಿಂದಲೇ ಸಿಗುತ್ತಿತ್ತು.

ಮುಂದಿನ ಕತೆಯೆಲ್ಲ ಆ ರಕ್ತದ್ದೇ. 1970ರ ದಶಕದಲ್ಲಿ ಮೈಕ್ರೋಸ್ಕೋಪ್ ಕೆಳಗೆ ರಕ್ತನಾಳ ಹೊಲಿಯುವುದು ಕೈಗೆ ಬಂತು. 1989ರಲ್ಲಿ ಮೊಣಕಾಲ ಕೆಳಗಿನ ಸಣ್ಣ ಮೂಳೆಯನ್ನು ನಾಳದ ಸಮೇತ ತೆಗೆದು ದವಡೆ ಕಟ್ಟಿದ ವರದಿ ಬಂತು. ಈಗಲೂ ಹೆಚ್ಚಿನವರು ನೆಚ್ಚುವ ದಾರಿ ಅದೇ. ಆದರೆ ಕಾಲಿಗೊಂದು ಹೊಸ ಗಾಯ, ಅಲ್ವಾ?

ಹಾಗಾದರೆ ಮೂಳೆಯನ್ನೇ ಬೆಳೆಸಿದರೆ? ಜರ್ಮನಿಯ ಕೀಲ್‌ನ ವೈದ್ಯರು ದವಡೆ ಆಕಾರದ ಟೈಟಾನಿಯಂ ಜಾಲರಿಯಲ್ಲಿ ಮೂಳೆಯ ಖನಿಜ, ರೋಗಿಯದೇ ಮೂಳೆಮಜ್ಜೆ, ಮೂಳೆ ಬೆಳೆಸುವ ಪ್ರೋಟೀನ್ ತುಂಬಿದರು. ಅದನ್ನು ಆತನ ಬೆನ್ನಿನ ಸ್ನಾಯುವಿನೊಳಗೆ 7 ವಾರ ಇಟ್ಟರು. ಅಲ್ಲೇ ಮೂಳೆ ಬೆಳೆಯಿತು, ರಕ್ತನಾಳವೂ ಕೂಡಿಕೊಂಡಿತು. ಆಮೇಲೆ ಅದನ್ನು ದವಡೆಗೆ ಜೋಡಿಸಿದರು. 9 ವರ್ಷಗಳಲ್ಲಿ ಮೊದಲ ಸಲ ಆತ ಬ್ರೆಡ್ಡು, ಸಾಸೇಜ್ ತಿಂದರು. 2004ರಲ್ಲಿ ಬಂದ ಆ ವರದಿ ಓದಿದಾಗಲೆಲ್ಲ ನನಗೆ ಟವೆಲ್ ಮುಚ್ಚಿಕೊಂಡವರೇ ನೆನಪಾಗುತ್ತಾರೆ.

ಆದರೂ ಅದು ಎಲ್ಲ ಕಡೆ ಬರಲಿಲ್ಲ. ಬೆಳೆಸುವ ಪ್ರೋಟೀನು ಉಳಿದಿರುವ ಕ್ಯಾನ್ಸರ್ ಕಣವನ್ನೂ ಬೆಳೆಸಿಬಿಟ್ಟರೆ ಅನ್ನೋ ಭಯವಿದೆ. ರೇಡಿಯೇಶನ್ ಪಡೆದ ಜಾಗದಲ್ಲಿ ರಕ್ತನಾಳ ಸೊರಗಿರುತ್ತದೆ. ಒಂದೆರಡು ಕೂದಲೆಳೆಯ ದಪ್ಪಕ್ಕಿಂತ ಜಾಸ್ತಿ ದೂರದಲ್ಲಿ ರಕ್ತವಿದ್ದರೆ ಜೀವಕೋಶ ಬದುಕುವುದೇ ಕಷ್ಟ. ಮೂಗು, ಕಿವಿಗೆ ಆಕಾರ ಕೊಡುವ ಮೆತ್ತನೆಯ ಮೂಳೆ, ಅಂದರೆ ಮೃದ್ವಸ್ಥಿಯೊಳಗೆ ರಕ್ತನಾಳವೇ ಇಲ್ಲ, ಹಾಗಾಗಿ ಅಲ್ಲಿ ದಾರಿ ಸುಲಭವಾಗಿ ಸಿಕ್ಕಿತು. ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ ಚರ್ಮದ ಕ್ಯಾನ್ಸರ್‌ನಿಂದ ಮೂಗಿನ ಹೊಳ್ಳೆ ಕಳೆದುಕೊಂಡ 5 ಜನರಿಗೆ, ಅವರದೇ ಜೀವಕೋಶದಿಂದ ಲ್ಯಾಬಿನಲ್ಲಿ ಬೆಳೆಸಿದ ಮೃದ್ವಸ್ಥಿ ಕೂರಿಸಿದ್ದು 2014ರಲ್ಲಿ ಪ್ರಕಟವಾಯಿತು.

ದವಡೆಗೆ ಮಾತ್ರ ಇವತ್ತಿಗೂ ಹೆಚ್ಚಾಗಿ ಕಾಲಿನ ಮೂಳೆಯೇ ಗತಿ. ಗಡ್ಡೆ ತೆಗೆಯುವಾಗಲೇ ದವಡೆ ಕಟ್ಟಲು ಎಷ್ಟೋ ಸಲ ಆಗುತ್ತದೆ. ಹಾಗಾಗಿ ಆಪರೇಶನ್ನಿಗೆ ಒಪ್ಪಿ ಸಹಿ ಹಾಕುವ ಮೊದಲೇ ಡಾಕ್ಟರನ್ನು ಕೇಳಿ: ದವಡೆ ಯಾವಾಗ ಕಟ್ಟುತ್ತೀರಿ, ಯಾವುದರಿಂದ ಕಟ್ಟುತ್ತೀರಿ?