ಪಿಟಿಷನ್ ಹಾಕಿದರೆ ನಿಂತುಹೋದ ಕಾರ್ಟೂನ್ ಮತ್ತೆ ಶುರುವಾಗುತ್ತಾ?

ಪ್ರಶ್ನೆ: ನಾವು ಇಷ್ಟಪಟ್ಟು ನೋಡುವ ಸೂಪರ್‌ಹೀರೊ ಕಾರ್ಟೂನ್‌ಗಳನ್ನು ಕತೆ ಅರ್ಧದಲ್ಲಿರುವಾಗಲೇ ನಿಲ್ಲಿಸಿಬಿಡುತ್ತಾರೆ. ಅಭಿಮಾನಿಗಳೆಲ್ಲ ಸೇರಿ ಪಿಟಿಷನ್ ಹಾಕಿದರೆ, ಹ್ಯಾಷ್‌ಟ್ಯಾಗ್ ಓಡಿಸಿದರೆ ಕಂಪನಿಯವರು ಕೇಳ್ತಾರಾ? ಇಲ್ಲಾ ಅದೆಲ್ಲ ಸುಮ್ನೆ ನಮ್ಮ ಸಮಾಧಾನಕ್ಕಾ?

ಉತ್ತರ: ಕೆಲವು ಸಲ ಕೇಳುತ್ತಾರೆ. ಆದರೆ ಬರೀ ಸಹಿ ಎಣಿಸಿ ಮನಸ್ಸು ಬದಲಾಯಿಸಿದ ಕಂಪನಿಯನ್ನು ನಾನಂತೂ ಕಂಡಿಲ್ಲ. ಸರಣಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು, ಅದರ ಹಕ್ಕು ಯಾರ ಕೈಯಲ್ಲಿದೆ? ಮೊದಲು ಕೇಳಬೇಕಾದ ಪ್ರಶ್ನೆ ಇವೆರಡೇ. ಗ್ರೆಗ್ ವೈಸ್‌ಮನ್ ಎಂಬ ಅಮೆರಿಕದ ಬರಹಗಾರ ಕಟ್ಟಿದ ಎರಡು ಸರಣಿಗಳನ್ನು ನೋಡಿದರೆ ವಿಷಯ ಅರ್ಥವಾಗುತ್ತದೆ. ಎರಡಕ್ಕೂ ಅಭಿಮಾನಿಗಳು ವರ್ಷಗಟ್ಟಲೆ ಹೋರಾಡಿದರು. ಒಂದು ತಿರುಗಿ ಬಂತು, ಇನ್ನೊಂದು ಬರಲಿಲ್ಲ.

ಬಂದದ್ದು 'ಯಂಗ್ ಜಸ್ಟೀಸ್'. ವೈಸ್‌ಮನ್ ಮತ್ತು ಬ್ರ್ಯಾಂಡನ್ ವಿಯೆಟ್ಟಿ ಸೇರಿ ಮಾಡಿದ್ದು. 2010ರ ನವೆಂಬರ್‌ನಲ್ಲಿ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಶುರುವಾಯಿತು. ರಾಬಿನ್, ಕಿಡ್ ಫ್ಲ್ಯಾಶ್, ಸೂಪರ್‌ಬಾಯ್, ಮಿಸ್ ಮಾರ್ಷಿಯನ್ ಥರದ ಹದಿಹರೆಯದವರ ತಂಡ. ದೊಡ್ಡ ಹೀರೊಗಳು ಬಹಿರಂಗವಾಗಿ ಮಾಡಲಾಗದ ಗುಟ್ಟಿನ ಕೆಲಸಗಳು ಇವರ ಪಾಲಿಗೆ. ಎರಡನೇ ಸೀಸನ್ ಬಂದಾಗ ಕತೆ ಒಮ್ಮೆಲೇ ಐದು ವರ್ಷ ಮುಂದೆ ಹಾರಿತು. ಆ ಐದು ವರ್ಷದಲ್ಲಿ ಏನಾಯಿತು ಅಂತ ನೋಡುಗರೇ ಕೂತು ಜೋಡಿಸಿಕೊಳ್ಳಬೇಕು. ಚಿಕ್ಕ ಮಕ್ಕಳ ಕಾರ್ಟೂನಿಗೆ ಇದು ಜಾಸ್ತಿಯೇ ಆಯಿತು ಅನ್ನಿ, ಆದರೆ ಅದರ ರುಚಿಯೂ ಅಲ್ಲೇ ಇತ್ತು. 2013ರ ಮಾರ್ಚ್‌ನ ಕೊನೆಯ ಕಂತಿನ ಕೊನೆಯ ದೃಶ್ಯದಲ್ಲಿ ಖಳನಾಯಕ ವ್ಯಾಂಡಲ್ ಸ್ಯಾವೇಜ್ ತನಗಿಂತ ದೊಡ್ಡ ಖಳನಾಯಕ ಡಾರ್ಕ್‌ಸೈಡ್‌ನ ಕೈ ಕುಲುಕಿದ. ಅಲ್ಲಿಗೆ ನಿಲ್ಲಿಸಿದರು.

ಯಾಕೆ? ನೋಡುವವರು ಇರಲಿಲ್ಲವೆಂದಲ್ಲ. ವೈಸ್‌ಮನ್ ಇದನ್ನು ಹಲವು ಸಲ ಬಿಡಿಸಿ ಹೇಳಿದ್ದಾರೆ: ಸರಣಿ ತಯಾರಿಸುವ ದುಡ್ಡು ಮ್ಯಾಟೆಲ್ ಕಂಪನಿಯ ಆಟಿಕೆ ಒಪ್ಪಂದದ ಮೇಲೆ ನಿಂತಿತ್ತು. ಆಟಿಕೆಗಳು ಅಂದುಕೊಂಡಷ್ಟು ಮಾರಾಟವಾಗಲಿಲ್ಲ, ಮ್ಯಾಟೆಲ್ ಕೈ ತೆಗೆಯಿತು, ದುಡ್ಡು ನಿಂತಿತು. ಅಮೆರಿಕದ ಆಕ್ಷನ್ ಕಾರ್ಟೂನ್‌ಗಳಲ್ಲಿ ಇದು ಹಳೆಯ ಲೆಕ್ಕ. ಕಂತು ನೋಡಿದ ಹುಡುಗ ಅಂಗಡಿಗೆ ಹೋಗಿ ಬೊಂಬೆ ಕೇಳಬೇಕು. ಕಾಲೇಜಿಗೆ ಹೋಗುವವರು, ಕೆಲಸಕ್ಕೆ ಹೋಗುವವರು ಎಷ್ಟೇ ಮೆಚ್ಚಿ ನೋಡಿದರೂ ಬೊಂಬೆ ಕೊಳ್ಳುವುದಿಲ್ಲ ಅಲ್ವಾ? ಅಂದರೆ ಸರಣಿಯನ್ನು ಹೆಚ್ಚು ಪ್ರೀತಿಸಿದವರೇ ಆ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ. ಅವರು ಹಾಕಿದ ಪಿಟಿಷನ್‌ಗಳು ಮೂರು ವರ್ಷ ಯಾವ ಕೆಲಸಕ್ಕೂ ಬರಲಿಲ್ಲ.

ಆಮೇಲೆ ಹಳೆಯ ಎರಡು ಸೀಸನ್‌ಗಳು ನೆಟ್‌ಫ್ಲಿಕ್ಸ್‌ಗೆ ಬಂದವು. 2016ರ ಆರಂಭದಲ್ಲಿ ವೈಸ್‌ಮನ್ ಮತ್ತು ಧ್ವನಿ ಕೊಟ್ಟ ಕಲಾವಿದರು ಅಭಿಮಾನಿಗಳಿಗೆ ಹೇಳಿದ್ದು ಇಷ್ಟೇ: ಅಲ್ಲಿ ನೋಡಿ, ಮತ್ತೆ ಮತ್ತೆ ನೋಡಿ, ಪರಿಚಯದವರಿಗೂ ತೋರಿಸಿ. ಸಹಿ ಹಾಕಿ ಅಂತ ಹೇಳಲಿಲ್ಲ. ನೋಡಿದ ಗಂಟೆಗಳು ಕಂಪನಿಯ ಲೆಕ್ಕಕ್ಕೆ ಬಂದವು. ಅದೇ ವರ್ಷದ ನವೆಂಬರ್‌ನಲ್ಲಿ ಮೂರನೇ ಸೀಸನ್ ಮಾಡುತ್ತೇವೆ ಎಂದು ಸರಣಿ ತಯಾರಿಸುವ ವಾರ್ನರ್ ಕಂಪನಿ ಘೋಷಿಸಿತು. 2019ರ ಜನವರಿಯಲ್ಲಿ ಅದು ತೆರೆಗೆ ಬಂತು, 2021ರಲ್ಲಿ ನಾಲ್ಕನೆಯದೂ ಬಂತು. ಸಂಕೋಚ ಬಿಟ್ಟು ಹೇಳುವುದಾದರೆ, ಮೂರನೆಯದರಲ್ಲಿ ಪಾತ್ರಗಳ ಸಂತೆಯೇ ನೆರೆದಿತ್ತು. ನನಗೆ ಮೊದಲೆರಡೇ ಹೆಚ್ಚು ಇಷ್ಟ.

ಇಲ್ಲಿ ಇನ್ನೊಂದು ವಿಷಯವಿದೆ. ಮೂರನೇ ಸೀಸನ್ ಬಂದದ್ದು ನೆಟ್‌ಫ್ಲಿಕ್ಸ್‌ನಲ್ಲಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಹೊಸದಾಗಿ ತೆರೆದ, ವಾರ್ನರ್‌ನದೇ ಆದ ಡಿಸಿ ಯೂನಿವರ್ಸ್ ಎಂಬ ಸ್ಟ್ರೀಮಿಂಗ್ ಸೇವೆಯಲ್ಲಿ. ಹೊಸದಾಗಿ ಅಂಗಡಿ ಇಟ್ಟವನಿಗೆ ಗಿರಾಕಿ ಆಗಲೇ ಕಾದು ನಿಂತಿರುವ ಸರಕು ಸಿಕ್ಕರೆ ಬಿಡುತ್ತಾನಾ? 'ಸ್ಟಾರ್ ವಾರ್ಸ್: ದಿ ಕ್ಲೋನ್ ವಾರ್ಸ್' ಕತೆಯೂ ಹೀಗೇ. ಅದನ್ನು ತಯಾರಿಸುತ್ತಿದ್ದ ಲೂಕಾಸ್‌ಫಿಲ್ಮ್ ಡಿಸ್ನಿಯ ಪಾಲಾದ ಮೇಲೆ 2013ರಲ್ಲಿ ಅದು ಕಾರ್ಟೂನ್ ನೆಟ್‌ವರ್ಕ್‌ನಿಂದ ಹೋಯಿತು. ಅಭಿಮಾನಿಗಳು ವರ್ಷಗಟ್ಟಲೆ ಬೇಡಿಕೆ ಇಟ್ಟರು. ಡಿಸ್ನಿ ಪ್ಲಸ್ 2019ರ ನವೆಂಬರ್‌ನಲ್ಲಿ ಶುರುವಾಯಿತು. ಕೊನೆಯ ಸೀಸನ್ 2020ರ ಫೆಬ್ರವರಿಯಲ್ಲಿ ಅಲ್ಲಿಗೇ ಬಂತು. ಅಭಿಮಾನ ಅಷ್ಟು ವರ್ಷ ಆರದೆ ಉಳಿದಿದ್ದರಿಂದಲೇ ಅದು ಸರಕಾಯಿತು, ನಿಜ. ಆದರೆ ಕೊಳ್ಳುವವನು ಬರುವ ತನಕ ಕಾಯಬೇಕಾಯಿತು.

ಈಗ ಬರದೇ ಹೋದದ್ದು. 'ದಿ ಸ್ಪೆಕ್ಟ್ಯಾಕ್ಯುಲರ್ ಸ್ಪೈಡರ್ ಮ್ಯಾನ್' 2008ರಲ್ಲಿ ಶುರುವಾಗಿ 26 ಕಂತಿಗೆ ನಿಂತಿತು. ವೈಸ್‌ಮನ್ ತಲೆಯಲ್ಲಿದ್ದದ್ದು 65 ಕಂತು. ಪೀಟರ್ ಪಾರ್ಕರ್‌ನ ಹೈಸ್ಕೂಲ್ ದಿನಗಳನ್ನು ಇಷ್ಟು ಚೆನ್ನಾಗಿ ಹೇಳಿದ ಕಾರ್ಟೂನ್ ಇನ್ನೊಂದಿಲ್ಲ ಅನ್ನುವವರಲ್ಲಿ ನಾನೂ ಒಬ್ಬ. ಅದನ್ನು ತಯಾರಿಸಿದ್ದು ಸೋನಿ. 2009ರಲ್ಲಿ ಸ್ಪೈಡರ್ ಮ್ಯಾನ್‌ನ ಟಿವಿ ಹಕ್ಕು ಸೋನಿಯಿಂದ ಮಾರ್ವೆಲ್‌ಗೆ ವಾಪಸ್ ಹೋಯಿತು. ಅದೇ ವರ್ಷ ಮಾರ್ವೆಲನ್ನು ಡಿಸ್ನಿ ಕೊಂಡಿತು. ಅಂದರೆ ಆ ಸರಣಿಯ ಕೆಲಸ ಸೋನಿಯದು, ಟಿವಿ ಹಕ್ಕು ಮಾರ್ವೆಲ್‌ನದು. ಮಾರ್ವೆಲ್ 2012ರಲ್ಲಿ ತನ್ನದೇ ಬೇರೆ ಕಾರ್ಟೂನ್ ಶುರುಮಾಡಿತು. ಇಂಥ ಕಡೆ ಅಭಿಮಾನಿಗಳು ಯಾರನ್ನು ಕೇಳಬೇಕು? 2023ರ 'ಅಕ್ರಾಸ್ ದಿ ಸ್ಪೈಡರ್‌ವರ್ಸ್' ಚಿತ್ರದ ಗುಂಪಿನ ದೃಶ್ಯದಲ್ಲಿ ಆ ಹಳೆಯ ಪೀಟರ್, ಸರಣಿಯಲ್ಲಿ ದನಿ ಕೊಟ್ಟಿದ್ದ ಜಾಶ್ ಕೀಟನ್ ಅವರದೇ ದನಿಯಲ್ಲಿ, ಒಂದು ಗಳಿಗೆ ಬಂದು ಹೋದ. ಚಿತ್ರದ ಹಕ್ಕು ಸೋನಿಯಲ್ಲೇ ಇದ್ದದ್ದರಿಂದ ಅಷ್ಟಾದರೂ ಆಯಿತು.

'ಡೇರ್‌ಡೆವಿಲ್' ಕಾರ್ಟೂನಲ್ಲ, ನಟರೇ ಅಭಿನಯಿಸಿದ ಮಾರ್ವೆಲ್ ಸೂಪರ್‌ಹೀರೊ ಸರಣಿ. ಆದರೂ ಹಕ್ಕಿನ ವಿಷಯಕ್ಕೆ ಅದನ್ನು ಹೇಳಲೇಬೇಕು. 2018ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಅದನ್ನು ನಿಲ್ಲಿಸಿದಾಗ 'ಸೇವ್ ಡೇರ್‌ಡೆವಿಲ್' ಎಂಬ ಅಭಿಯಾನ ಎದ್ದಿತು. ಆದರೆ ರದ್ದಾದ ಮೇಲೆ ಎರಡು ವರ್ಷ ಆ ಪಾತ್ರಗಳನ್ನು ಬೇರೆಡೆ ಬಳಸುವಂತಿಲ್ಲ ಎಂಬ ಷರತ್ತು ಒಪ್ಪಂದದಲ್ಲಿತ್ತು ಎಂದು ಆಗಲೇ ವರದಿಯಾಗಿತ್ತು. ಎಷ್ಟು ಕೂಗಿದರೂ ಷರತ್ತು ಕರಗುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಡೇರ್‌ಡೆವಿಲ್ ಪಾತ್ರ ಮಾಡಿದ್ದ ಚಾರ್ಲಿ ಕಾಕ್ಸ್ ಸ್ಪೈಡರ್ ಮ್ಯಾನ್ ಚಿತ್ರವೊಂದರಲ್ಲಿ ಅದೇ ಪಾತ್ರದ ವಕೀಲನಾಗಿ ಕಾಣಿಸಿಕೊಂಡಾಗ ಥಿಯೇಟರ್‌ಗಳಲ್ಲಿ ಎದ್ದ ಶಿಳ್ಳೆ ಸಾವಿರ ಪಿಟಿಷನ್‌ಗಿಂತ ದೊಡ್ಡದು. 2025ರ ಮಾರ್ಚ್‌ನಲ್ಲಿ ಹೊಸ ಸರಣಿಯೇ ಬಂತು.

ಜೋರಾಗಿ ಕೂಗುವವರೆಲ್ಲ ಹೆಚ್ಚು ಮಂದಿ ಆಗಿರಬೇಕೆಂದೂ ಇಲ್ಲ. 1988ರಲ್ಲಿ ಡಿಸಿ ಕಾಮಿಕ್ಸ್, ಬ್ಯಾಟ್‌ಮನ್‌ನ ಜೊತೆಗಾರ ರಾಬಿನ್ ಪಾತ್ರದಲ್ಲಿ ಎರಡನೆಯವನಾಗಿ ಬಂದ ಜೇಸನ್ ಟಾಡ್ ಸಾಯಬೇಕೋ ಬದುಕಬೇಕೋ ಎಂದು ಓದುಗರಿಂದ ಫೋನ್ ಮತ ಕೇಳಿತು. ಒಂದು ಕರೆಗೆ 50 ಸೆಂಟ್. ಸಾಯಲಿ ಎಂದು 5,343 ಕರೆ, ಬದುಕಲಿ ಎಂದು 5,271. ಬರೀ 72 ಕರೆಗೆ ಹುಡುಗ ಸತ್ತ. ಒಬ್ಬನೇ ಕಂಪ್ಯೂಟರ್ ಇಟ್ಟು ಪದೇ ಪದೇ ಕರೆ ಮಾಡಿಸಿದನೆಂದು ತಾನು ಕೇಳಿದ್ದಾಗಿ ಸಂಪಾದಕ ಡೆನಿಸ್ ಓನೀಲ್ ಆಮೇಲೆ ಹೇಳಿದ್ದುಂಟು. ಕಂಪನಿಗಳು ಹ್ಯಾಷ್‌ಟ್ಯಾಗ್‌ಗಳನ್ನು ಅನುಮಾನದಿಂದ ನೋಡುವುದರಲ್ಲಿ ಆಶ್ಚರ್ಯವಿಲ್ಲ.

ಗಲಾಟೆಯೇ ಕೆಲಸ ಮಾಡಿದ ಒಂದು ಉದಾಹರಣೆಯನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. 'ಕಯೋಟಿ ವರ್ಸಸ್ ಆಕ್ಮಿ' ಪೂರ್ತಿ ತಯಾರಾಗಿದ್ದ ಚಿತ್ರ. ತೆರಿಗೆ ಲಾಭಕ್ಕಾಗಿ ಅದನ್ನು ಬಿಡುಗಡೆ ಮಾಡದೆ ಮೂಲೆಗೆ ಹಾಕುತ್ತೇವೆ ಎಂದು 2023ರ ನವೆಂಬರ್‌ನಲ್ಲಿ ವಾರ್ನರ್ ಹೇಳಿದಾಗ ಅಭಿಮಾನಿಗಳ ಜೊತೆ ಸಿನಿಮಾ ಮಂದಿಯೂ ಸಿಡಿದೆದ್ದರು. ಕೊನೆಗೆ 2025ರ ಮಾರ್ಚ್‌ನಲ್ಲಿ ಕೆಚಪ್ ಎಂಟರ್‌ಟೈನ್‌ಮೆಂಟ್ ಎಂಬ ಚಿತ್ರ ವಿತರಣಾ ಕಂಪನಿ ಅದನ್ನು ಕೊಂಡಿತು. ಅಲ್ಲಿ ಹೊಸದಾಗಿ ಚಿತ್ರ ಮಾಡುವ ಖರ್ಚೇ ಇರಲಿಲ್ಲ ಎಂಬುದನ್ನು ಮರೆಯಬಾರದು.

ಹಾಗಾದರೆ ನೀವು ಏನು ಮಾಡಬಹುದು? ಪಿಟಿಷನ್‌ಗೆ ಸಹಿ ಹಾಕಿ, ತಪ್ಪೇನಿಲ್ಲ. ಆದರೆ ಅದಕ್ಕಿಂತ ಮೊದಲು ಸರಣಿಯನ್ನು ಅಧಿಕೃತ ಜಾಗದಲ್ಲೇ, ಬಂದ ಹೊಸತರಲ್ಲೇ, ಕೊನೆಯ ಕಂತಿನವರೆಗೆ ನೋಡಿ. ಟೆಲಿಗ್ರಾಮ್‌ನಲ್ಲಿ ಇಳಿಸಿಕೊಂಡು ನೋಡಿ, ಆಮೇಲೆ ನಿಲ್ಲಿಸಿದರು ಅಂತ ಬೈದರೆ ಆ ಬೈಗುಳ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಕನ್ನಡದಲ್ಲಿ ಬೇಕೆನ್ನುವವರಿಗೂ ಇದೇ ಮಾತು. 'ಅಕ್ರಾಸ್ ದಿ ಸ್ಪೈಡರ್‌ವರ್ಸ್' ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂತು, ಕನ್ನಡವೂ ಅದರಲ್ಲಿತ್ತು. ಇಂಥ ಚಿತ್ರದ ಕನ್ನಡ ಶೋ ನಿಮ್ಮೂರಲ್ಲಿ ಬಿದ್ದರೆ ಟಿಕೆಟ್ ತಗೊಂಡು ಹೋಗಿ ಕೂರಿ. ಮನೆಯಲ್ಲಾದರೆ ಆಡಿಯೊ ಆಯ್ಕೆಯಲ್ಲಿ ಕನ್ನಡ ಇದೆಯಾ ಅಂತ ಒಮ್ಮೆ ನೋಡಿ, ಇದ್ದರೆ ಅದನ್ನೇ ಒತ್ತಿ.